ಆಲಂಬನವುಂಟು, ಆಶ್ರಯವಿಲ್ಲ: ‘ವೀರಪ್ಪನ್’ ಚಿತ್ರ ಮತ್ತು ಚಾಮರಾಜನಗರ ಸೀಮೆಯ ಭಯಕಥನ

1991ರಲ್ಲಿ ತೆರೆಗೆ ಬಂದ ‘ವೀರಪ್ಪನ್’ ಎಂಬ ಕನ್ನಡ ಚಲನಚಿತ್ರ ಇಂದು ಬಹುಮಟ್ಟಿಗೆ ಮರೆತುಹೋಗಿದೆ. ರವೀಂದ್ರನಾಥ್ ನಿರ್ದೇಶಿಸಿದ ಈ ಚಿತ್ರದ ಪ್ರಸ್ತಾಪ ಎಲ್ಲಿಯಾದರೂ ಬಂದರೆ, ಮುಖ್ಯಪಾತ್ರ ವಹಿಸಿದ ದೇವರಾಜ್ ಅವರಿಗೆ ಶ್ರೇಷ್ಠ ನಟನೆಂಬ ರಾಜ್ಯ ಪ್ರಶಸ್ತಿಯನ್ನು ತಂದುಕೊಟ್ಟ ಚಿತ್ರ ಎಂಬ ಒಂದು ವಾಕ್ಯದಲ್ಲಿ ಅದು ಮುಗಿಯುತ್ತದೆ. ಚಲನಚಿತ್ರ ವಿಮರ್ಶೆ ಅದನ್ನು ಆ ಕಾಲದ ಸಿದ್ಧ ಮಾದರಿಯ ಸಾಹಸಚಿತ್ರಗಳ ಸಾಲಿಗೆ ಸೇರಿಸಿ ಸುಮ್ಮನಾಗಿದೆ. ಕನ್ನಡ ಸಂಶೋಧನೆಯಂತೂ ಅದರ ಕಡೆ ಕಣ್ಣು ಹಾಯಿಸಿದ್ದು ವಿರಳ. ಮಲೆ ಮಹದೇಶ್ವರ ಬೆಟ್ಟದಿಂದ ಬಂಡೀಪುರದವರೆಗೆ ಹರಡಿಕೊಂಡಿರುವ ಒಂದು ಸೀಮೆಯ ಜನಪದ ಮಹಾಕಾವ್ಯಗಳನ್ನು ಅಕ್ಕರೆಯಿಂದ ಸಂಗ್ರಹಿಸಿದ ಕನ್ನಡ ಅಧ್ಯಯನ, ಅದೇ ಸೀಮೆಯ ಕಾಡನ್ನು ಕುರಿತು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿಕೊಂಡ ಜನಪ್ರಿಯ ಕಥನವನ್ನು ತನ್ನ ವ್ಯಾಪ್ತಿಯ ಹೊರಗೇ ಇರಿಸಿದೆ. ಈ ಉಪೇಕ್ಷೆ ಸರಿಯಾದುದಲ್ಲ. ಚಿತ್ರ ಶ್ರೇಷ್ಠವಾಗಿದೆ ಎಂಬ ಕಾರಣಕ್ಕಲ್ಲ, ಅದು ದೋಷಪೂರ್ಣವಾಗಿದೆ ಎಂಬ ಕಾರಣಕ್ಕೇ ಅದನ್ನು ಓದಬೇಕಾಗಿದೆ.

ಆ ದೋಷದ ಸ್ವರೂಪವನ್ನು ಗುರುತಿಸಲು ಹೊರಗಿನ ಸಿದ್ಧಾಂತಗಳ ನೆರವು ಬೇಕಿಲ್ಲ. ತೀ.ನಂ. ಶ್ರೀಕಂಠಯ್ಯನವರ ಮೂಲಕ ಕನ್ನಡ ತರಗತಿಗಳಿಗೆ ಚಿರಪರಿಚಿತವಾಗಿರುವ ರಸವಿಚಾರದ ಪರಿಭಾಷೆಯೇ ಸಾಕು. ಭಯಾನಕ ರಸಕ್ಕೆ ಭಯ ಸ್ಥಾಯಿಭಾವ. ಭಯವನ್ನು ಹುಟ್ಟಿಸುವ ವ್ಯಕ್ತಿ ಅಥವಾ ವಸ್ತು ಅದರ ಆಲಂಬನ. ಆ ಭಯ ಯಾರ ಚಿತ್ತದಲ್ಲಿ ನೆಲೆಗೊಳ್ಳುತ್ತದೆಯೋ ಆ ಪಾತ್ರ ಅದರ ಆಶ್ರಯ. ಆಲಂಬನ ಎಷ್ಟೇ ಘೋರವಾಗಿದ್ದರೂ ಆಶ್ರಯ ಬರಿದಾಗಿದ್ದರೆ ಉಳಿಯುವುದು ಬೆದರಿಕೆಯ ಪ್ರದರ್ಶನವೇ ಹೊರತು ರಸವಲ್ಲ. ವೀರಪ್ಪನ್ ಕುರಿತ ಕನ್ನಡ ಚಿತ್ರಗಳ ಮೂಲಭೂತ ಕೊರತೆ ಇದೇ. ಹೆದರಿಸುವವನ ಮುಖ ಅವುಗಳಲ್ಲಿ ತೆರೆಯ ತುಂಬ ಇದೆ. ಹೆದರಿದವರ ಮುಖ ಇಲ್ಲ. ಈ ಕೊರತೆ ಕೇವಲ ಕಲೆಯ ಕೊರತೆಯಲ್ಲ, ಚಾಮರಾಜನಗರ ಸೀಮೆಯನ್ನು ನಾಡು ಕಂಡ ಬಗೆಯ ಕೊರತೆ ಎಂಬುದು ಪ್ರಸ್ತುತ ಲೇಖನದ ನಿಲುವು.

ಕಥೆಗೆ ಮೊದಲೇ ಬಂದ ಚಿತ್ರ

‘ವೀರಪ್ಪನ್’ ಚಿತ್ರವನ್ನು ಸಾಹಸಚಿತ್ರವೆಂದು ವರ್ಗೀಕರಿಸುವುದಕ್ಕಿಂತ ಭಯಾನಕ ಚಿತ್ರವೆಂದು ಗ್ರಹಿಸುವುದು ಹೆಚ್ಚು ಸೂಕ್ತ. ಅದರ ಚಾಲಕಶಕ್ತಿ ನಾಯಕನ ಉತ್ಸಾಹವಲ್ಲ, ಕಾಡಿನೊಳಗೆ ಒಬ್ಬ ಕೊಲೆಗಾರನಿದ್ದಾನೆ ಎಂಬ ಭಯ. ಆ ಕೊಲೆಗಾರನೂ ಸಾಮಾನ್ಯ ದರೋಡೆಕೋರನಲ್ಲ. ಆನೆಯ ದಂತ ಮತ್ತು ಶ್ರೀಗಂಧದ ಕಳ್ಳಸಾಗಣೆಯಿಂದ ಬೆಳೆದ ವೀರಪ್ಪನ್, ಮಾಹಿತಿದಾರರೆಂದು ಸಂಶಯಪಟ್ಟವರನ್ನೂ ತನ್ನವರ ಕೇಡಿಗೆ ಹೊಣೆಯೆಂದು ತಾನೇ ತೀರ್ಮಾನಿಸಿದ ಅಧಿಕಾರಿಗಳನ್ನೂ ಕೊಂದು, ಆ ಕೊಲೆಗಳಿಗೆ ನ್ಯಾಯದ ಹೆಸರು ಕೊಟ್ಟವನು. ತಾನೇ ದೂರುದಾರ, ತಾನೇ ನ್ಯಾಯಾಧೀಶ, ತಾನೇ ದಂಡಾಧಿಕಾರಿ ಎಂಬ ಈ ನಿಲುವು ಜಗತ್ತಿನ ಅನೇಕ ಭಾಷೆಗಳ ಭಯಾನಕ ಚಿತ್ರಗಳಿಗೆ ವಸ್ತುವಾಗಿದೆ. ಕನ್ನಡದಲ್ಲಿ ವಿಶೇಷವೇನೆಂದರೆ, ಆ ಪಾತ್ರ ಕಲ್ಪಿತವಾಗಿರಲಿಲ್ಲ. ಚಿತ್ರ ತೆರೆಕಂಡಾಗ ಆತ ಇನ್ನೂ ಬದುಕಿದ್ದ, ಪೊಲೀಸರಿಗೆ ಸಿಕ್ಕಿರಲಿಲ್ಲ.

ಇಲ್ಲಿ ಕಾಲಾನುಕ್ರಮವನ್ನು ಗಮನಿಸಬೇಕು. 1986ರಲ್ಲಿ ಒಮ್ಮೆ ಸೆರೆಸಿಕ್ಕಿದ್ದ ವೀರಪ್ಪನ್ ಚಾಮರಾಜನಗರ ಭಾಗದ ಬೂದಿಪಡಗ ಅರಣ್ಯ ವಸತಿಗೃಹದಿಂದ ತಪ್ಪಿಸಿಕೊಂಡ. ರಾಮಾಪುರ ಪೊಲೀಸ್ ಠಾಣೆಯ ಮೇಲಿನ ದಾಳಿ ನಡೆದದ್ದು 1992ರ ಮೇ ತಿಂಗಳಲ್ಲಿ. ಮೀಣ್ಯಂ ಬಳಿ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಹತರಾದದ್ದು ಅದೇ ವರ್ಷದ ಆಗಸ್ಟ್ 14ರಂದು. ಪಾಲಾರ್ ನೆಲಬಾಂಬ್ ಸ್ಫೋಟದಲ್ಲಿ 22 ಮಂದಿ ಸತ್ತದ್ದು 1993ರ ಏಪ್ರಿಲ್ 9ರಂದು. ಡಾ. ರಾಜ್‌ಕುಮಾರ್ ಅವರ ಅಪಹರಣ 2000ದಲ್ಲಿ, ಮಾಜಿ ಸಚಿವ ಎಚ್. ನಾಗಪ್ಪನವರ ಅಪಹರಣ ಮತ್ತು ಸಾವು 2002ರಲ್ಲಿ. ಅಂದರೆ ಇಂದು ವೀರಪ್ಪನ್ ಎಂಬ ಹೆಸರಿನೊಂದಿಗೆ ನೆನಪಿಗೆ ಬರುವ ಘಟನೆಗಳಲ್ಲಿ ಹೆಚ್ಚಿನವು ಚಿತ್ರದ ನಂತರದವು. ಚಿತ್ರ ಚರಿತ್ರೆಯನ್ನು ಹಿಂಬಾಲಿಸಿದ್ದಲ್ಲ, ಅದಕ್ಕಿಂತ ಮುಂದೆ ಓಡಿದ್ದು. ಆತನ ಕೃತ್ಯಗಳ ಪೂರ್ಣ ಪ್ರಮಾಣ ಗೊತ್ತಾಗುವ ಮೊದಲೇ ಆತನ ಹೆಸರನ್ನು ಶೀರ್ಷಿಕೆಯಾಗಿಸಿ ಆತನನ್ನೊಂದು ದಂತಕಥೆಯ ಪಾತ್ರವಾಗಿಸಿದ್ದು.

ಅದೇ 1991ರ ಏಪ್ರಿಲ್‌ನಲ್ಲಿ ತಮಿಳಿನಲ್ಲಿ ಆರ್.ಕೆ. ಸೆಲ್ವಮಣಿ ನಿರ್ದೇಶನದ, ವಿಜಯಕಾಂತ್ ನಾಯಕತ್ವದ ‘ಕ್ಯಾಪ್ಟನ್ ಪ್ರಭಾಕರನ್’ ಬಂದಿತು. ಅಲ್ಲಿನ ಖಳನಾಯಕ ವೀರಭದ್ರನ್, ವೀರಪ್ಪನ್‌ನ ಸ್ಪಷ್ಟ ಛಾಯೆ. ಗಡಿಯ ಆಚೆ ಹೆಸರು ಬದಲಾಯಿತು, ಶೀರ್ಷಿಕೆ ಅವನನ್ನು ಹಿಡಿಯುವ ಅಧಿಕಾರಿಯದಾಯಿತು. ಗಡಿಯ ಈಚೆ ನಿಜನಾಮವೇ ಶೀರ್ಷಿಕೆಯಾಯಿತು. ನಿಜನಾಮವನ್ನು ಹೊತ್ತ ಚಿತ್ರ ಒಂದು ಕಥನ ಸಂಕಟಕ್ಕೆ ಸಿಲುಕುತ್ತದೆ: ಬದುಕಿರುವ, ಸೆರೆಸಿಗದ ವ್ಯಕ್ತಿಯ ಕಥೆಗೆ ಯಾವ ಅಂತ್ಯ ಕೊಟ್ಟರೂ ಅದು ಕಲ್ಪಿತವೇ. ಕೊನೆಯಿಲ್ಲದ ಭಯಕ್ಕೆ ಕೊನೆಯೊಂದನ್ನು ಹೊಂದಿಸಬೇಕಾದ ಒತ್ತಾಯದಲ್ಲಿ ಜನಪ್ರಿಯ ಸಿನಿಮಾ ತನಗೆ ಗೊತ್ತಿರುವ ಒಂದೇ ವ್ಯಾಕರಣಕ್ಕೆ, ವ್ಯಕ್ತಿಯ ಎದುರು ವ್ಯಕ್ತಿಯನ್ನು ನಿಲ್ಲಿಸುವ ವ್ಯಾಕರಣಕ್ಕೆ, ಮೊರೆಹೋಗುತ್ತದೆ. ಊರು, ಹಾಡಿ, ಸಂತೆ, ಬಸ್ಸು, ಠಾಣೆ, ಕೋರ್ಟು ಇವೆಲ್ಲ ಆ ಇಬ್ಬರ ನಡುವಿನ ಹಿನ್ನೆಲೆಯ ಪರದೆಯಾಗಿಬಿಡುತ್ತವೆ.

ಗಂಧದ ಗುಡಿಯಿಂದ ಭಯದ ಗುಡಿಗೆ

ಕನ್ನಡ ಚಿತ್ರರಂಗಕ್ಕೆ ಕಾಡು ಯಾವಾಗಲೂ ಭಯದ ನೆಲೆಯಾಗಿರಲಿಲ್ಲ. 1973ರಲ್ಲಿ ಬಂದ ‘ಗಂಧದ ಗುಡಿ’ಯಲ್ಲಿ ಕಾಡು ಪೂಜ್ಯ ಸ್ಥಳ. ಎಂ.ಪಿ. ಶಂಕರ್ ನಿರ್ಮಿಸಿ ವಿಜಯ್ ನಿರ್ದೇಶಿಸಿದ ಆ ಚಿತ್ರದಲ್ಲಿ ರಾಜ್‌ಕುಮಾರ್ ಅರಣ್ಯಾಧಿಕಾರಿ. ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರ, ಹುಲಿ ಯೋಜನೆಯ ಮೊದಲ ಒಂಬತ್ತು ಅಭಯಾರಣ್ಯಗಳಲ್ಲಿ ಒಂದಾದದ್ದೂ ಅದೇ 1973ರಲ್ಲಿ. ನಾಡಿನ ಸಂಪತ್ತಾದ ಕಾಡನ್ನು ನಿಷ್ಠಾವಂತ ಅಧಿಕಾರಿಯೊಬ್ಬ ಕಾಪಾಡಬಲ್ಲ ಎಂಬ ವಿಶ್ವಾಸ ಪ್ರಭುತ್ವಕ್ಕೂ ಸಿನಿಮಾಕ್ಕೂ ಒಂದೇ ಕಾಲದಲ್ಲಿ ಇತ್ತು. ಹದಿನೆಂಟು ವರ್ಷಗಳ ನಂತರದ ‘ವೀರಪ್ಪನ್’ ಚಿತ್ರದ ಹೊತ್ತಿಗೆ ಅದೇ ಗಂಧದ ಮರ ಅಪರಾಧದ ಗುರುತಾಗಿತ್ತು. 2000ದ ಜುಲೈ 30ರಂದು, ಚಾಮರಾಜನಗರಕ್ಕೆ ಹೊಂದಿಕೊಂಡ ತಾಳವಾಡಿ ಸೀಮೆಯ ಗಾಜನೂರಿನಿಂದ ‘ಗಂಧದ ಗುಡಿ’ಯ ನಾಯಕನೇ ಕಾಡಿನ ಸೆರೆಯಾಳಾಗಿ 108 ದಿನ ಕಳೆಯಬೇಕಾದಾಗ ಈ ಪಲ್ಲಟ ಪೂರ್ಣವಾಯಿತು. ಕನ್ನಡ ಸಿನಿಮಾ ಕಟ್ಟಿದ ಕಾಡಿನ ಎರಡು ಪ್ರತಿಮೆಗಳು ಅಲ್ಲಿ ಮುಖಾಮುಖಿಯಾದವು.

ಆ ಬಳಿಕ ಬಂದ ಎರಡು ಕನ್ನಡ ಚಿತ್ರಗಳು ತಾಂತ್ರಿಕವಾಗಿ 1991ರ ಚಿತ್ರಕ್ಕಿಂತ ಬಹುದೂರ ಸಾಗಿವೆ. ಎ.ಎಂ.ಆರ್. ರಮೇಶ್ ಅವರ ‘ಅಟ್ಟಹಾಸ’ (2013) ಘಟನಾವಳಿಯನ್ನು ಕ್ರಮವಾಗಿ ಪುನರ್ರಚಿಸಲು ಯತ್ನಿಸುತ್ತದೆ. ಕಿಶೋರ್ ಅವರ ಅಭಿನಯ ಸಂಯಮದ್ದು. ರಾಮ್ ಗೋಪಾಲ್ ವರ್ಮ ಅವರ ‘ಕಿಲ್ಲಿಂಗ್ ವೀರಪ್ಪನ್’ (2016) ಮಾತ್ರ ನೇರವಾಗಿ ಭಯಾನಕ ಚಿತ್ರದ ಉಪಕರಣಗಳನ್ನು ಬಳಸುತ್ತದೆ. ‘ರಾತ್’, ‘ಭೂತ್’ ಚಿತ್ರಗಳನ್ನು ಮಾಡಿದ ನಿರ್ದೇಶಕನಿಗೆ ಇದು ಸಹಜವೇ. ರಾಕ್ಷಸನನ್ನು ಕೊಲ್ಲಬೇಕಾದರೆ ಅವನಿಗಿಂತ ದೊಡ್ಡ ರಾಕ್ಷಸನಾಗಬೇಕು ಎಂಬ ತರ್ಕವೇ ಆ ಚಿತ್ರದ ಬೆನ್ನೆಲುಬು. ಅಂದರೆ ಕಾನೂನಿನ ಹೊರಗೆ ನಿಂತು ಕೊಲ್ಲುವವನನ್ನು ಹಿಡಿಯಲು ಕಾನೂನೇ ತನ್ನ ಹೊರಗೆ ಬಂದು ನಿಲ್ಲಬೇಕು. ಅಲ್ಲಿ ಅಧಿಕಾರಿಯ ಪಾತ್ರ ವಹಿಸಿದವರು ರಾಜ್‌ಕುಮಾರ್ ಅವರ ಹಿರಿಯ ಮಗ ಶಿವರಾಜ್‌ಕುಮಾರ್. ತಂದೆಯನ್ನು ಅಪಹರಿಸಿದವನನ್ನು ಮಗ ತೆರೆಯ ಮೇಲೆ ಬೇಟೆಯಾಡುತ್ತಾನೆ. ಪ್ರೇಕ್ಷಕನಿಗೆ ಈ ಸಂಗತಿ ಗೊತ್ತಿದೆ, ಚಿತ್ರಕ್ಕೂ ಗೊತ್ತಿದೆ. ಹೀಗಾಗಿ ಪಾತ್ರಹಂಚಿಕೆಯಲ್ಲಿಯೇ ಸೇಡಿನ ಕಥೆಯೊಂದು ಸೇರಿಹೋಗಿದೆ. ಚಿತ್ರಕಥೆ ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ದೇವರಾಜ್ ಅವರ ವೃತ್ತಿಜೀವನವೂ ಇದೇ ದಿಕ್ಕನ್ನು ತೋರಿಸುತ್ತದೆ. 1991ರಲ್ಲಿ ವೀರಪ್ಪನ್ ಆಗಿದ್ದ ಅದೇ ನಟ ‘ಲಾಕಪ್ ಡೆತ್’ (1994), ‘ಸರ್ಕಲ್ ಇನ್‌ಸ್ಪೆಕ್ಟರ್’ (1996) ಮುಂತಾದ ಚಿತ್ರಗಳ ಕಾಲಕ್ಕೆ ಕನ್ನಡದ ಪೊಲೀಸ್ ನಾಯಕನ ಮುಖವಾದರು. ಇದು ನಟನ ಸಾಮರ್ಥ್ಯವನ್ನಷ್ಟೇ ಹೇಳುವುದಿಲ್ಲ. ಕಾಡಿನ ಕೊಲೆಗಾರನಿಗೂ ಖಾಕಿಯ ನಾಯಕನಿಗೂ ಜನಪ್ರಿಯ ಸಿನಿಮಾ ಒಂದೇ ದೇಹವನ್ನು, ಒಂದೇ ಕೋಪವನ್ನು, ಒಂದೇ ಬಗೆಯ ತ್ವರಿತ ನ್ಯಾಯವನ್ನು ಕೊಡಬಲ್ಲುದು ಎಂಬುದನ್ನು ಹೇಳುತ್ತದೆ. ಇಬ್ಬರ ನಡುವೆ ಇರಬೇಕಾದ ನ್ಯಾಯಾಲಯ ಮಾತ್ರ ಕಥನದಿಂದ ಜಾರಿಹೋಗುತ್ತದೆ.

ಚಿತ್ರಗಳ ಹೊರಗೆ ಉಳಿದವರು

ಈ ಸೀಮೆಯ ನಿಜಚರಿತ್ರೆಯಲ್ಲಿ ನ್ಯಾಯಾಲಯ ಜಾರಿಹೋಗಿರಲಿಲ್ಲ. ಸೇಡಿಗೆ ಬದಲಾಗಿ ಬೇರೆ ಮಾರ್ಗ ಹಿಡಿದವರೂ ಇದ್ದರು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ವೀರಪ್ಪನ್‌ನ ಹುಟ್ಟೂರಾದ ಗೋಪಿನಾಥಂನಲ್ಲಿಯೇ ನೆಲೆ ನಿಂತು, ಊರವರ ವಿಶ್ವಾಸ ಗಳಿಸಿ, ಮಾರಿಯಮ್ಮನ ಗುಡಿ ಕಟ್ಟಿಸಿ, ತಂಡದ ಜನರನ್ನು ಶರಣಾಗತಿಗೆ ಒಲಿಸುವ ದಾರಿ ಹಿಡಿದವರು. ಶರಣಾಗುವನೆಂಬ ಮಾತನ್ನು ನಂಬಿ ಹೋದ ಅವರನ್ನು 1991ರ ನವೆಂಬರ್ 10ರಂದು ವೀರಪ್ಪನ್ ಕೊಂದ. ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ಸಂದಿತು. ಒಬ್ಬ ಅಧಿಕಾರಿ ಗುಡಿ ಕಟ್ಟಿ ಊರನ್ನು ಗೆಲ್ಲಲು ನೋಡಿದ ಕಥೆ ವ್ಯಕ್ತಿಯ ಎದುರು ವ್ಯಕ್ತಿ ಎಂಬ ವ್ಯಾಕರಣಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಅದರ ಕೇಂದ್ರದಲ್ಲಿ ಇರುವುದು ಊರು.

ಎರಡನೆಯ ನಿದರ್ಶನ ಇನ್ನೂ ತೀಕ್ಷ್ಣವಾದುದು. ರಾಜ್‌ಕುಮಾರ್ ಅವರ ಬಿಡುಗಡೆಗಾಗಿ ಟಾಡಾ ಪ್ರಕರಣಗಳನ್ನು ಹಿಂತೆಗೆದುಕೊಳ್ಳಲು ಸರ್ಕಾರ ಮುಂದಾದಾಗ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಮೀಣ್ಯಂನಲ್ಲಿ ಹತನಾದ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ. ನಾಡಿನ ಅತ್ಯಂತ ಪ್ರೀತಿಯ ನಟ ಕಾಡಿನಲ್ಲಿ ಸೆರೆಯಾಗಿದ್ದಾಗ, ಬೆಂಗಳೂರು ಉದ್ವಿಗ್ನವಾಗಿದ್ದಾಗ, ಆ ಅರ್ಜಿ ಸಲ್ಲಿಸಲು ಬೇಕಾಗಿದ್ದ ಎದೆಗಾರಿಕೆ ಸಣ್ಣದಲ್ಲ. 2000ದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಪ್ರಕರಣಗಳನ್ನು ಹಿಂತೆಗೆದುಕೊಳ್ಳಲು ನೀಡಿದ್ದ ಅನುಮತಿಯನ್ನು ರದ್ದುಪಡಿಸಿತು. ಸೇಡಿನ ಕಥೆಗೆ ಬೇಕಾದ ಎಲ್ಲ ಕಾರಣಗಳೂ ಇದ್ದ ಒಬ್ಬ ತಂದೆ ಆಯುಧವನ್ನು ಹಿಡಿಯದೆ ಅರ್ಜಿಯನ್ನು ಹಿಡಿದರು. ಮೂರು ಕನ್ನಡ ಚಿತ್ರಗಳಲ್ಲಿ ಯಾವುದೂ ಈ ತಂದೆಯನ್ನು ತನ್ನ ನಾಯಕನನ್ನಾಗಿ ಮಾಡಿಕೊಳ್ಳಲಿಲ್ಲ.

ಮೂರನೆಯದು ಹೆದರಿದ ಜನರ ಮಾತು. ವೀರಪ್ಪನ್ ಬೇಟೆಯ ಹೆಸರಿನಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಜಂಟಿ ಕಾರ್ಯಪಡೆ ನಡೆಸಿದ ದೌರ್ಜನ್ಯಗಳ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದ ಸಮಿತಿಯನ್ನು ನೇಮಿಸಿತು. ಮಲೆ ಮಹದೇಶ್ವರ ಬೆಟ್ಟದಲ್ಲಿದ್ದ ವಿಚಾರಣೆಯ ತಾಣವನ್ನು ಸಂತ್ರಸ್ತರು ‘ವರ್ಕ್‌ಶಾಪ್’ ಎಂಬ ಹೆಸರಿನಿಂದ ಗುರುತಿಸುತ್ತಿದ್ದರು. ಅಲ್ಲಿ ಚಿತ್ರಹಿಂಸೆಗೊಳಗಾದೆವೆಂದು ಹೇಳಿಕೊಂಡರು. ಸಮಿತಿಯ ವರದಿಯ ನಂತರ, 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.8 ಕೋಟಿ ರೂಪಾಯಿ ಪರಿಹಾರವನ್ನು ಶಿಫಾರಸು ಮಾಡಿತು. ಟಾಡಾ ಅಡಿಯಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವರಲ್ಲಿ ಬಹುಪಾಲು ಮಂದಿಯನ್ನು ಮೈಸೂರಿನ ವಿಶೇಷ ನ್ಯಾಯಾಲಯ 2001ರಲ್ಲಿ ಬಿಡುಗಡೆ ಮಾಡಿತು. ಪಾಲಾರ್ ಪ್ರಕರಣದ ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟು ಮರಣದಂಡನೆ ವಿಧಿಸಿತು. 2014ರಲ್ಲಿ ಅದನ್ನು ಜೀವಾವಧಿಗೆ ಇಳಿಸಿತು. ಗಡಿಯಾಚೆಯ ಧರ್ಮಪುರಿ ಜಿಲ್ಲೆಯ ವಾಚಾತಿಯಲ್ಲಿ 1992ರ ಜೂನ್‌ನಲ್ಲಿ ಶ್ರೀಗಂಧದ ಶೋಧದ ಹೆಸರಿನಲ್ಲಿ ನಡೆದ ಅತ್ಯಾಚಾರ ಮತ್ತು ಲೂಟಿಗಾಗಿ ಸರ್ಕಾರಿ ನೌಕರರಿಗೆ ಶಿಕ್ಷೆಯಾಗಲು 2011ರವರೆಗೆ ಕಾಯಬೇಕಾಯಿತು. ಮದರಾಸು ಹೈಕೋರ್ಟು ಅದನ್ನು 2023ರಲ್ಲಿ ಎತ್ತಿಹಿಡಿಯಿತು.

ಇವು ಭಯದ ಆಶ್ರಯಗಳು. ರಾತ್ರಿ ಕಾಡಿನಿಂದ ಬರುವವನಿಗೆ ಅನ್ನ ಕೊಟ್ಟರೆ ಹಗಲು ಪೊಲೀಸರು ಬರುತ್ತಾರೆ. ಹಗಲು ಪೊಲೀಸರಿಗೆ ಮಾತು ಕೊಟ್ಟರೆ ರಾತ್ರಿ ಕಾಡಿನಿಂದ ಅವನು ಬರುತ್ತಾನೆ. ಈ ಇಕ್ಕಟ್ಟಿನಲ್ಲಿ ಬದುಕಿದ ಜನರ ಭಯ ಒಬ್ಬ ವ್ಯಕ್ತಿಯ ಮುಖಕ್ಕೆ ಅಂಟಿದ್ದಲ್ಲ, ಎರಡೂ ದಿಕ್ಕಿನಿಂದ ಬಂದದ್ದು. ಅದನ್ನು ಮೀಸೆಯೊಂದರಲ್ಲಿ ಕೇಂದ್ರೀಕರಿಸಿದ ಕ್ಷಣದಲ್ಲಿಯೇ ಚಿತ್ರ ಅರ್ಧ ಭಯವನ್ನು ಮರೆಮಾಚಿತು. 2004ರ ಅಕ್ಟೋಬರ್ 18ರಂದು ಧರ್ಮಪುರಿಯ ಪಾಪ್ಪಾರಪಟ್ಟಿಯಲ್ಲಿ ವೀರಪ್ಪನ್ ಹತನಾದಾಗ ಸಿನಿಮಾಕ್ಕೆ ಕೊನೆಗೂ ಒಂದು ಅಂತ್ಯ ದೊರಕಿತು. ಊರಿಗೆ ದೊರಕಬೇಕಾಗಿದ್ದ ವಿಚಾರಣೆ, ಆತನ ಬಾಯಿಂದ ಬರಬೇಕಾಗಿದ್ದ ಉತ್ತರಗಳು, ಅವನೊಂದಿಗೇ ಹೋದವು.

ಇದೇ ಬೆಟ್ಟಗಳ ಬೇರೆ ಕಥನಗಳು

ಜನಪ್ರಿಯ ಕಥನಕ್ಕೆ ಇಷ್ಟೇ ಸಾಧ್ಯ ಎಂಬ ಸಮಾಧಾನವನ್ನು ಈ ಸೀಮೆಯ ಮೌಖಿಕ ಪರಂಪರೆಯೇ ತಳ್ಳಿಹಾಕುತ್ತದೆ. ಕಂಸಾಳೆಯವರು ಹಾಡುವ ಮಲೆ ಮಾದೇಶ್ವರನ ಕಾವ್ಯವೂ ಜನಪ್ರಿಯವೇ. ಅಲ್ಲಿಯೂ ಕಾಡಿದೆ, ಕ್ರೌರ್ಯವಿದೆ, ಸಂಹಾರವಿದೆ. ಬಂಕಾಪುರಿಯ ಶ್ರವಣ ದೇವಾನುದೇವತೆಗಳನ್ನು ಸೆರೆಯಲ್ಲಿಟ್ಟು ಊಳಿಗಕ್ಕೆ ಹಚ್ಚಿದವನು. ಮಾದಪ್ಪ ಪಾದರಕ್ಷೆಯ ಉಪಾಯದಿಂದ ಅವನನ್ನು ಕೊಲ್ಲುತ್ತಾನೆ. ಆದರೆ ಆ ಸಂಹಾರಕ್ಕೆ ಅರ್ಥ ಬರುವುದು ಸೆರೆಯಲ್ಲಿರುವವರ ಬವಣೆಯಿಂದ. ಕೊಲ್ಲುವವನ ಪರಾಕ್ರಮಕ್ಕಿಂತ ಬಿಡುಗಡೆಗಾಗಿ ಕಾಯುವವರ ದೈನ್ಯವೇ ಅಲ್ಲಿ ಕಥೆಯನ್ನು ನಡೆಸುತ್ತದೆ.

‘ಸಂಕಮ್ಮನ ಸಾಲು’ ಈ ದೃಷ್ಟಿಯಿಂದ ಇನ್ನೂ ಮಹತ್ವದ್ದು. ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯ ಶೀಲವನ್ನು ಶಂಕಿಸಿ ಭಾಷೆ ಕೇಳುತ್ತಾನೆ. ಸಂಕಮ್ಮ ಒಪ್ಪದಿದ್ದಾಗ ಚಿತ್ರಹಿಂಸೆಗೆ ಇಳಿಯುತ್ತಾನೆ. ದೂರುದಾರ, ನ್ಯಾಯಾಧೀಶ, ದಂಡಾಧಿಕಾರಿ ಮೂವರೂ ತಾನೇ ಆಗಿರುವ ಪುರುಷ ಅವನು. ಕನ್ನಡ ಮೌಖಿಕ ಪರಂಪರೆಯಲ್ಲಿ ಇದಕ್ಕಿಂತ ದಾರುಣವಾದ ಭಯಕಥನ ಸಿಗುವುದು ಕಷ್ಟ. ಆದರೂ ಸಾಲಿಗೆ ಹೆಸರು ನೀಲೇಗೌಡನದಲ್ಲ, ಸಂಕಮ್ಮನದು. ಕೇಳುಗರು ರಾತ್ರಿಯಿಡೀ ಕುಳಿತು ಆಲಿಸುವುದು ಅವಳ ಮಾತನ್ನು, ಅವಳ ನಿರಾಕರಣೆಯನ್ನು, ಅವಳು ಮಾದಪ್ಪನನ್ನು ಕರೆಯುವ ಕೂಗನ್ನು. ಸೋಲಿಗ ಹೆಣ್ಣೊಬ್ಬಳ ಭಯಕ್ಕೂ ಘನತೆಗೂ ಮಹಾಕಾವ್ಯ ತನ್ನ ಒಂದು ಸಾಲನ್ನೇ ಮೀಸಲಿಟ್ಟಿದೆ. ಅದೇ ಬೆಟ್ಟಗಳನ್ನು ಕುರಿತ ಚಲನಚಿತ್ರಗಳಲ್ಲಿ ಹೆಣ್ಣು ಹೆಚ್ಚೆಂದರೆ ಬೇಟೆಗಾರನ ಬಲೆಯಲ್ಲಿನ ಎರೆಯಾಗಿದ್ದಾಳೆ.

ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ ಮತ್ತೊಂದು ಮುಖವನ್ನು ತೋರಿಸುತ್ತದೆ. ಕಲ್ಯಾಣಕ್ಕೆ ಬರುವ ಗುರು ಅಸಹ್ಯ ಹುಟ್ಟಿಸುವ ರೂಪ ಧರಿಸಿ, ಕೊಳೆತು ನಾರುವುದನ್ನು ಹೊತ್ತು ಬರುತ್ತಾನೆ. ಅಲ್ಲಿ ಬೀಭತ್ಸ ನೋಡುವವರ ಪರೀಕ್ಷೆ. ಯಾರು ಮೂಗು ಮುಚ್ಚಿಕೊಂಡು ಓಡುತ್ತಾರೆ, ಯಾರು ನಿಲ್ಲುತ್ತಾರೆ ಎಂಬುದೇ ಪ್ರಶ್ನೆ. ಶಿಷ್ಟ ಪರಂಪರೆಯೂ ಈ ವಿವೇಕದಿಂದ ಹೊರತಲ್ಲ. ರನ್ನನ ಗದಾಯುದ್ಧ ಪ್ರತಿಜ್ಞೆ ಪೂರೈಸಿಕೊಳ್ಳುವ ಭೀಮನ ಕಾವ್ಯ. ತೊಡೆಗೆ ಹೊಡೆದು ಮುಗಿಸುವ ಸೇಡಿನ ಕಾವ್ಯ. ಆದರೆ ರನ್ನ ಗೆಲ್ಲುವವನ ಬೆನ್ನಿಗೆ ನಿಂತೂ, ಹೆಣಗಳ ನಡುವೆ ತನ್ನವರ ಮುಖಗಳನ್ನು ಗುರುತಿಸುತ್ತ ನಡೆಯುವ, ಮರುಳಿನ ಬಾಯಿಂದಲೂ ಹಂಗಿಸಿಕೊಳ್ಳುವ ದುರ್ಯೋಧನನ ಎದೆಯೊಳಗೆ ಓದುಗನನ್ನು ಕರೆದೊಯ್ಯುತ್ತಾನೆ. ಜನ್ನನ ಯಶೋಧರಚರಿತೆ ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಹಿಂಸೆಗೂ ಜನ್ಮಜನ್ಮಾಂತರದ ಲೆಕ್ಕ ಇಡುತ್ತದೆ. ಕೊಲೆಯನ್ನು ನ್ಯಾಯವೆಂದು ಕರೆದ ಮಾತ್ರಕ್ಕೆ ಅದರ ಭಾರ ಇಳಿಯುವುದಿಲ್ಲ ಎಂಬ ತಿಳಿವು ಕನ್ನಡ ಕಾವ್ಯಕ್ಕೆ ಹೊಸದಲ್ಲ. ಚಲನಚಿತ್ರ ಆ ತಿಳಿವನ್ನು ಕಳೆದುಕೊಂಡಿತು; ಅದನ್ನು ಎತ್ತಿತೋರಿಸಬೇಕಾಗಿದ್ದ ವಿಮರ್ಶೆ ಮೌನ ವಹಿಸಿತು.

ಭಯದ ಭೂಪಟ ಮತ್ತು ಸಂಶೋಧನೆಯ ಹೊಣೆ

ಈ ಮೌನಕ್ಕೆ ಒಂದು ಭೌಗೋಳಿಕ ಹಿನ್ನೆಲೆ ಇದೆ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಚಾಮರಾಜನಗರವನ್ನು ರಾಜಧಾನಿ ಬಹುಕಾಲ ಒಂದು ಭಯದ ನೆಲೆಯಾಗಿಯೇ ಕಂಡಿತು. ಅಲ್ಲಿಗೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆ ಎಂಬ ಮೂಢನಂಬಿಕೆ ಎಷ್ಟು ಬಲವಾಗಿತ್ತೆಂದರೆ, ಹಲವು ಮುಖ್ಯಮಂತ್ರಿಗಳು ಜಿಲ್ಲಾಕೇಂದ್ರವನ್ನೇ ತಪ್ಪಿಸಿಕೊಂಡರು. 2013ರಲ್ಲಿ ಸಿದ್ದರಾಮಯ್ಯನವರು ಅಲ್ಲಿಗೆ ಬಂದು, 2018ರವರೆಗೆ ತಮ್ಮ ಅವಧಿಯನ್ನೂ ಪೂರೈಸಿದ ಮೇಲೆ ಆ ನಂಬಿಕೆ ತನ್ನ ಬಲ ಕಳೆದುಕೊಂಡಿತು. ಗುಂಡ್ಲುಪೇಟೆಯಿಂದ ಊಟಿ ಮತ್ತು ವಯನಾಡಿನ ಕಡೆ ಹೋಗುವ ಹೆದ್ದಾರಿಗಳಲ್ಲಿ, ವನ್ಯಜೀವಿಗಳ ಸಾವನ್ನು ತಡೆಯಲು 2009ರಲ್ಲಿ ರಾತ್ರಿ ಸಂಚಾರ ನಿಷೇಧಿಸಿದಾಗ ಭಯದ ದಿಕ್ಕೇ ಬದಲಾಯಿತು: ಮನುಷ್ಯ ಕಾಡಿಗೆ ಅಂಜುವ ಬದಲು ಕಾಡು ಮನುಷ್ಯನ ವಾಹನಕ್ಕೆ ಅಂಜುತ್ತದೆ ಎಂಬುದನ್ನು ಕಾನೂನು ಒಪ್ಪಿಕೊಂಡಿತು. ಸೀಮೆಯ ಭಯದ ಚರಿತ್ರೆ ಇಷ್ಟು ಪದರಗಳನ್ನು ಹೊಂದಿರುವಾಗ ಜನಪ್ರಿಯ ಕಥನ ಮಾತ್ರ ಒಂದೇ ಮುಖಕ್ಕೆ ಜೋತುಬಿದ್ದಿದೆ.

ಆ ಮುಖವನ್ನು ಹತ್ತಿರದಿಂದ ಕಂಡವರ ಬರಹವೂ ಕನ್ನಡದಲ್ಲಿದೆ. 1997ರಲ್ಲಿ ಬಂಡೀಪುರದ ಅಂಚಿನಿಂದ ಅಪಹರಣಕ್ಕೊಳಗಾಗಿ 14 ದಿನ ವೀರಪ್ಪನ್‌ನ ಸೆರೆಯಲ್ಲಿದ್ದ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿ ಬರೆದ ಅನುಭವಕಥನದಲ್ಲಿ ಭಯ, ನಗೆ, ಬೇಸರ, ಹಸಿವು ಎಲ್ಲವೂ ಬೆರೆತಿವೆ. ದಂತಕಥೆಯ ರಾಕ್ಷಸ ಅಲ್ಲಿ ಸಾಮಾನ್ಯ ಮನುಷ್ಯನ ಅಳತೆಗೆ ಇಳಿಯುತ್ತಾನೆ. ಹಾಗೆಂದು ಆತನ ಕ್ರೌರ್ಯ ಕಿರಿದಾಗುವುದಿಲ್ಲ. ಸಾಮಾನ್ಯ ಮನುಷ್ಯನಿಂದ ಇಂಥದು ಸಾಧ್ಯ ಎಂಬ ಕಾರಣಕ್ಕೆ ಇನ್ನಷ್ಟು ಕಳವಳಕಾರಿಯಾಗುತ್ತದೆ. ಇಲ್ಲಿ ಭಯಕ್ಕೆ ಆಶ್ರಯ ಇದೆ. ಆದ್ದರಿಂದಲೇ ಬರವಣಿಗೆ ನಿಲ್ಲುತ್ತದೆ. 2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಸೆಲ್ವಮಣಿ ಸೆಲ್ವರಾಜ್ ಅವರ ಸಾಕ್ಷ್ಯಚಿತ್ರ ಸರಣಿಯೂ ಪೊಲೀಸರ ಮಾತಿನೊಂದಿಗೆ ಹಳ್ಳಿಗರ ಮಾತಿಗೂ ಜಾಗ ಕೊಟ್ಟುದರಿಂದಲೇ ಮೂರು ಕಥಾಚಿತ್ರಗಳಿಗಿಂತ ಹೆಚ್ಚು ಕಾಡುತ್ತದೆ.

ಇಂಥ ಚಿತ್ರಗಳನ್ನು ವಿಶ್ವವಿದ್ಯಾಲಯದ ಚರ್ಚೆಗೆ ತಂದರೆ ಕೊಲೆಗಾರನಿಗೆ ಮನ್ನಣೆ ಕೊಟ್ಟಂತಾಗುವುದಿಲ್ಲವೆ ಎಂಬ ಆಕ್ಷೇಪ ಬರಬಹುದು. ಕರ್ತವ್ಯದಲ್ಲಿ ಹತರಾದ ಅರಣ್ಯ ಸಿಬ್ಬಂದಿ ಮತ್ತು ಪೊಲೀಸರ ಕುಟುಂಬಗಳು ಇನ್ನೂ ಇರುವಾಗ ಈ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಮನ್ನಣೆ ಈಗಾಗಲೇ ಸಂದಿದೆ; ಅದನ್ನು ಕೊಟ್ಟದ್ದು ವಿಶ್ವವಿದ್ಯಾಲಯವಲ್ಲ, ಪರದೆ. ಮೀಸೆ ಜನಮನದಲ್ಲಿ ಉಳಿದಿದೆ, ಶ್ರೀನಿವಾಸ್ ಅವರು ಕಟ್ಟಿಸಿದ ಗುಡಿ ಉಳಿದಿಲ್ಲ. ಈ ಅಸಮತೆಯನ್ನು ಎತ್ತಿತೋರಿಸುವ ಓದು ಕೊಲೆಗಾರನ ವೈಭವೀಕರಣವಲ್ಲ, ಅದರ ವಿಸರ್ಜನೆ. ಇನ್ನೊಂದು ಆಕ್ಷೇಪ ಮೌಲ್ಯಕ್ಕೆ ಸಂಬಂಧಿಸಿದ್ದು: ಕಳಪೆ ಕೃತಿಯ ಮೇಲೆ ಸಂಶೋಧನೆಯ ಶ್ರಮ ವ್ಯರ್ಥವಲ್ಲವೆ? ಉತ್ತಮ ಕೃತಿ ತನ್ನ ಕಾಲವನ್ನು ಮೀರುತ್ತದೆ. ಕಳಪೆ ಕೃತಿ ತನ್ನ ಕಾಲವನ್ನು ಬಿಟ್ಟುಕೊಡುತ್ತದೆ. ಒಂದು ಕಾಲದ ಪ್ರೇಕ್ಷಕರು ಏನನ್ನು ನೋಡಲು ಬಯಸಿದರು, ಏನನ್ನು ನೋಡದೆ ಬಿಟ್ಟರು ಎಂಬುದಕ್ಕೆ ದೋಷಪೂರ್ಣ ಚಿತ್ರದಷ್ಟು ಪ್ರಾಮಾಣಿಕ ದಾಖಲೆ ಬೇರೊಂದಿಲ್ಲ.

ಆದ್ದರಿಂದ ಈ ಭಾಗದ ಕನ್ನಡ ವಿಭಾಗಗಳ ಮುಂದೆ ಸ್ಪಷ್ಟವಾದ ಕೆಲಸವಿದೆ. ಪಿ.ಕೆ. ರಾಜಶೇಖರ ಮೊದಲಾದವರು ಮಾದೇಶ್ವರನ ಕಾವ್ಯವನ್ನು ಹಾಡುಗಾರರ ಬಾಯಿಂದ ಬರೆದುಕೊಂಡ ಶ್ರದ್ಧೆಯಿಂದಲೇ 1990ರ ದಶಕದ ನೆನಪುಗಳನ್ನು ಬರೆದುಕೊಳ್ಳಬೇಕು. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಹನೂರುಗಳಲ್ಲಿ ‘ವೀರಪ್ಪನ್’ ಚಿತ್ರವನ್ನು ಅಂದು ನೋಡಿದವರು ಏನು ಕಂಡರು, ಕಾಡಂಚಿನ ಊರಿನವನಿಗೆ ಅದು ಬೆಂಗಳೂರಿನವನಿಗೆ ಕಂಡಂತೆಯೇ ಕಂಡಿತೆ ಎಂಬ ಪ್ರಶ್ನೆಗೆ ಉತ್ತರಿಸಬಲ್ಲ ತಲೆಮಾರು ಈಗ ಇಳಿವಯಸ್ಸಿನತ್ತ ಸಾಗಿದೆ. ಸದಾಶಿವ ಸಮಿತಿಯ ಮುಂದಿನ ಹೇಳಿಕೆಗಳನ್ನು, ನ್ಯಾಯಾಲಯದ ತೀರ್ಪುಗಳನ್ನು ಕಾನೂನಿನ ಕಡತಗಳೆಂದು ಬದಿಗಿಡದೆ ಈ ಸೀಮೆಯ ಕಥನಗಳೆಂದು ಓದಬೇಕು. ಸ್ನಾತಕೋತ್ತರ ತರಗತಿಯಲ್ಲಿ ಭಯಾನಕ ರಸವನ್ನು ಪಾಠ ಮಾಡುವಾಗ ಸಂಕಮ್ಮನ ಸಾಲಿನ ಪಕ್ಕದಲ್ಲಿ ಈ ಚಿತ್ರವನ್ನು ಇಟ್ಟು, ಒಂದರಲ್ಲಿ ಏನಿದೆ, ಇನ್ನೊಂದರಲ್ಲಿ ಏನಿಲ್ಲ ಎಂದು ವಿದ್ಯಾರ್ಥಿಗಳನ್ನು ಕೇಳಬೇಕು.

ಸಂಕಮ್ಮನ ಕೂಗನ್ನು ಶತಮಾನಗಳವರೆಗೆ ಕಾಪಿಟ್ಟವರು ಕಂಸಾಳೆ ಹಿಡಿದ ಗುಡ್ಡರು. 1990ರ ದಶಕದಲ್ಲಿ ಇದೇ ಬೆಟ್ಟಗಳಲ್ಲಿ ಎದ್ದ ಕೂಗುಗಳಿಗೆ ಅಂಥ ಹಾಡುಗಾರರು ಇನ್ನೂ ದೊರೆತಿಲ್ಲ. ಅವುಗಳನ್ನು ಕೇಳಿಸಿಕೊಂಡು ಬರೆದಿಡುವುದು ಸದ್ಯಕ್ಕೆ ಸಂಶೋಧಕನ ಪಾಲಿಗೆ ಬಂದಿರುವ ಕೆಲಸ. ಆ ಕೆಲಸ ನಡೆಯದಿದ್ದರೆ ಮುಂದಿನ ತಲೆಮಾರಿಗೆ ಈ ಸೀಮೆಯ ಚರಿತ್ರೆಯೆಂದು ಉಳಿಯುವುದು ಒಂದು ಮೀಸೆ ಮತ್ತು ಮೂರು ಸಿನಿಮಾಗಳು ಮಾತ್ರ.